ಹಳೇ ಓಮ್ನಿಗೆ ಸ್ಟೀಲ್ ಬಂಪರ್: 9 ಸಾವಿರವೋ, 22 ಸಾವಿರವೋ?

ಪ್ರಶ್ನೆ: ನಮ್ಮದು ಗದಗ. ಮೈಕ್ ಸೆಟ್, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಸಣ್ಣ ವ್ಯವಹಾರ. 2009ರ ಮಾರುತಿ ಓಮ್ನಿ ಇದೆ. ಮದುವೆ, ಜಾತ್ರೆ ಮುಗಿಸಿ ರಾತ್ರಿ ಹೊತ್ತು ಓಡಾಡುವುದೇ ಜಾಸ್ತಿ. ಹೋದ ತಿಂಗಳು ಅಣ್ಣಿಗೇರಿ ದಾಟಿ ಬರುವಾಗ ಎಮ್ಮೆ ಅಡ್ಡ ಬಂತು. ಪ್ಲಾಸ್ಟಿಕ್ ಬಂಪರ್ ಚೂರಾಯಿತು, ಒಂದು ಹೆಡ್‌ಲೈಟ್ ಹೋಯಿತು, ಮುಂದಿನ ತಗಡು ಒಳಗೆ ಹೋಗಿದೆ. ಇನ್ನು ಪ್ಲಾಸ್ಟಿಕ್ ಸಹವಾಸ ಬೇಡ, ಸ್ಟೀಲಿನದೇ ಮಾಡಿಸೋಣ ಅಂತ ಎರಡು ಕಡೆ ಕೇಳಿದೆ. ಇಲ್ಲಿನ ವೆಲ್ಡಿಂಗ್ ಅಂಗಡಿಯವರು 9,000ಕ್ಕೆ 5 ಎಂಎಂ ಪ್ಲೇಟಿನಲ್ಲಿ, ಮುಂದೆ ಪೈಪ್ ಗಾರ್ಡ್ ಸಮೇತ, ಬಾಡಿಗೇ ವೆಲ್ಡ್ ಮಾಡಿ ಕೊಡುತ್ತೇವೆ ಎಂದರು. ಹುಬ್ಬಳ್ಳಿಯಲ್ಲಿ 3 ಎಂಎಂ ಪ್ಲೇಟ್, ಪೈಪ್ ಗಾರ್ಡ್, ಬೋಲ್ಟಿನ ಫಿಟಿಂಗ್, ಪೌಡರ್ ಕೋಟಿಂಗ್, ಮುಂದೆ ಹಿಂದೆ ಎರಡೂ ಸೇರಿ 22,000 ಎಂದರು. ಕಬ್ಬಿಣ ಕೆಜಿಗೆ 70 ರೂಪಾಯಿ ಇರುವಾಗ ಇಷ್ಟು ದುಡ್ಡು ಯಾಕೆ ಸರ್? ತೆಳು ಪ್ಲೇಟಿಗೆ ಜಾಸ್ತಿ ರೇಟು ಯಾಕೆ? ಪೊಲೀಸರು ಹಿಡಿಯುತ್ತಾರೆ ಅಂತಾನೂ ಕೆಲವರು ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಸಂಶಯ ಬಗೆಹರಿಸುತ್ತೇನೆ. ಇಬ್ಬರೂ ನಿಮಗೆ ಮೋಸ ಮಾಡುತ್ತಿಲ್ಲ. ಅವರು ಹೇಳುತ್ತಿರುವುದು ಎರಡು ಬೇರೆ ಬೇರೆ ಕೆಲಸಗಳ ರೇಟು. ಆದರೆ ನಿಮ್ಮ ಪತ್ರ ಓದಿದ ಮೇಲೆ ನನಗನ್ನಿಸಿದ್ದು, ನಿಮ್ಮ ಗಾಡಿಗೆ ಈ ಎರಡೂ ಕೆಲಸ ಸರಿಹೋಗುವುದಿಲ್ಲ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ. ನಾನು ಹುಬ್ಬಳ್ಳಿಯಲ್ಲಿ ಫ್ಯಾಬ್ರಿಕೇಶನ್, ಗಾಡಿಗಳ ಬಾಡಿ ಕೆಲಸ ಎರಡನ್ನೂ ಮಾಡಿಸುವವನು. ಬಂಪರ್ ಮಾಡಿ ಕೊಟ್ಟರೆ ನನಗೇ ದುಡಿಮೆ. ಆದರೂ ಇದನ್ನು ಹೇಳಲೇಬೇಕು.

ಕಬ್ಬಿಣದ ತೂಕದಿಂದ ಶುರು ಮಾಡೋಣ. 1 ಎಂಎಂ ದಪ್ಪದ ಒಂದು ಚದರ ಮೀಟರ್ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಕಬ್ಬಿಣ) ತಗಡು 7.85 ಕೆಜಿ ತೂಗುತ್ತದೆ. ಇದೊಂದು ಅಂಕಿ ನೆನಪಿಟ್ಟುಕೊಂಡರೆ ಯಾವ ಅಂಗಡಿಯಲ್ಲಾದರೂ ನೀವೇ ಲೆಕ್ಕ ಹಾಕಬಹುದು. ಓಮ್ನಿಯ ಅಗಲ 1,410 ಎಂಎಂ. ಎರಡೂ ತುದಿ ಸ್ವಲ್ಪ ಸುತ್ತಿಕೊಳ್ಳಬೇಕು, ಹಾಗಾಗಿ ಒಂದೂವರೆ ಮೀಟರ್ ಉದ್ದ ಹಿಡಿಯಿರಿ. ಮುಖದ ಎತ್ತರ 200 ಎಂಎಂ, ಮೇಲೆ ಕೆಳಗೆ ತಲಾ 100 ಎಂಎಂ ಮಡಚಿದರೆ ತಗಡಿನ ಒಟ್ಟು ಅಗಲ 400 ಎಂಎಂ. ಅಂದರೆ 0.6 ಚದರ ಮೀಟರ್. 3 ಎಂಎಂ ಆದರೆ 14 ಕೆಜಿ, 5 ಎಂಎಂ ಆದರೆ ಇಪ್ಪತ್ಮೂರೂವರೆ ಕೆಜಿ. ಮುಂದಿನ ಗಾರ್ಡ್‌ಗೆ 38 ಎಂಎಂ ಪೈಪು, 2 ಎಂಎಂ ಗೋಡೆಯದ್ದು, ನಾಲ್ಕು ಮೀಟರ್ ಬೇಕಾದರೆ 7 ಕೆಜಿ ಸೇರಿಸಿ. ಬ್ರಾಕೆಟ್‌ಗಳಿಗೆ 4 ಕೆಜಿ. ಒಟ್ಟು 3 ಎಂಎಂ ಬಂಪರ್ 25 ಕೆಜಿ, 5 ಎಂಎಂ ಬಂಪರ್ ಸುಮಾರು 35 ಕೆಜಿ.

ಈಗ ದುಡ್ಡು. 25 ಕೆಜಿ ಬಂಪರ್‌ಗೆ ಕತ್ತರಿಸಿ ಉಳಿಯುವ ತುಂಡುಗಳೂ ಸೇರಿ 29 ಕೆಜಿ ಮಾಲು ತರಬೇಕು. ನೀವು ಹೇಳಿದ 70 ರೂಪಾಯಿ ದರದಲ್ಲಿ 2,030 ರೂಪಾಯಿ ಆಯಿತು. ಇಲ್ಲಿಗೆ ಕಬ್ಬಿಣದ ಖರ್ಚು ಮುಗಿಯಿತು. ಮುಂದಿನ ದರಗಳು ಲೆಕ್ಕಕ್ಕೆ ನಾನು ಹಿಡಿದವು, ನಿಮ್ಮ ಕಡೆ ಹೆಚ್ಚು ಕಡಿಮೆ ಇದ್ದರೆ ಬದಲಿಸಿಕೊಳ್ಳಿ. ತಗಡು ಕತ್ತರಿಸಿ ಪ್ರೆಸ್‌ನಲ್ಲಿ ಮಡಚಲು 1,200. ಒಬ್ಬ ಫಿಟ್ಟರ್, ಒಬ್ಬ ಹೆಲ್ಪರ್, ಇಬ್ಬರ ಮಜೂರಿ ದಿನಕ್ಕೆ 1,800ರಂತೆ ಎರಡು ದಿನಕ್ಕೆ 3,600. ವೆಲ್ಡಿಂಗ್ ವೈರ್, ಗ್ಯಾಸ್, ಗ್ರೈಂಡಿಂಗ್ ಡಿಸ್ಕ್, ಕರೆಂಟು 700. ಒಳ್ಳೇ 8.8 ಗ್ರೇಡಿನ ಬೋಲ್ಟು, ನಟ್ಟು, ವಾಷರ್ 300. ಪ್ರೈಮರ್, ಪೇಂಟ್ ಅಥವಾ ಪೌಡರ್ ಕೋಟಿಂಗ್ 1,500. ಕೂಡಿಸಿದರೆ 9,330. ಶೆಡ್ಡಿನ ಬಾಡಿಗೆ, ಮಾಲೀಕನ ಲಾಭ ಅಂತ ನೂರಕ್ಕೆ ಇಪ್ಪತ್ತು ಹಾಕಿದರೆ 11,196. ಬಿಲ್ ಬೇಕು ಅಂದರೆ ನೂರಕ್ಕೆ 18 ಜಿಎಸ್‌ಟಿ, ಅಲ್ಲಿಗೆ 13,200 ದಾಟಿತು. ಇದರಲ್ಲಿ ಕಬ್ಬಿಣದ ಪಾಲು ಎಷ್ಟು? ಆರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಿಂದಿನ ಬಂಪರ್‌ಗೆ ಪೈಪು ಗೀಪು ಬೇಡ, ಕೆಲಸ ಸಲೀಸು, 8–9 ಸಾವಿರ ಹಿಡಿಯಿರಿ. ಹುಬ್ಬಳ್ಳಿಯವರ 22,000 ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ?

ಹಾಗಾದರೆ ಗದಗಿನವರು 9,000ಕ್ಕೆ ಹೇಗೆ ಕೊಡುತ್ತಾರೆ? 3ರ ಬದಲು 5 ಎಂಎಂ ಹಾಕಿದರೆ ಅವರಿಗೆ ಜಾಸ್ತಿ ಬೀಳುವುದು ಹತ್ತು ಹನ್ನೆರಡು ಕೆಜಿ ಕಬ್ಬಿಣ. 800 ರೂಪಾಯಿ ಅಷ್ಟೆ. ಆದರೆ ದಪ್ಪ ಪ್ಲೇಟಿನಲ್ಲಿ ಅವರ ಕೆಲಸ ಹಗುರ. ಸಾದಾ ರಾಡ್ ವೆಲ್ಡಿಂಗ್‌ನಲ್ಲಿ ತೆಳು ತಗಡು ತೂತು ಬೀಳುತ್ತದೆ, ಸಿಒಟು (ಗ್ಯಾಸ್, ವೈರ್ ಬಳಸುವ) ವೆಲ್ಡಿಂಗ್ ಮತ್ತು ಪಳಗಿದ ಕೈ ಬೇಕು. 5 ಎಂಎಂ ಆದರೆ ಯಾರು ಬೇಕಾದರೂ ರಾಡ್ ಹಿಡಿದು ಕೂರಿಸಬಹುದು. ಬಾಡಿಗೇ ವೆಲ್ಡ್ ಮಾಡಿದರೆ ಬ್ರಾಕೆಟ್ ಬೇಡ, ತೂತುಗಳನ್ನು ಜೋಡಿಸುವ ತಲೆನೋವಿಲ್ಲ, ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯುತ್ತದೆ. ಬ್ರಷ್‌ನಲ್ಲಿ ಕಪ್ಪು ಪೇಂಟ್ ಬಳಿದರೆ ಕೈ ತೊಳೆದುಕೊಂಡ ಹಾಗೆ. ಹಾಗಾಗಿ "5 ಎಂಎಂ ಹಾಕ್ತೀನಿ ಸಾಹೇಬ್ರ, ಎಮ್ಮಿ ಬಂದ್ರೂ ಏನೂ ಆಗೂದಿಲ್ಲ" ಅನ್ನುವುದನ್ನು ಕೇಳಿ ಅದೇ ಜಾಸ್ತಿ ಬೆಲೆಯ ಮಾಲು ಅಂತ ತಿಳಿಯಬೇಡಿ.

ಮಜೂರಿ ಯಾಕೆ ಇಷ್ಟು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಚೌಕಾಸಿ ನಡೆಯುವುದು ಅಲ್ಲೇ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಸಾವಿರಾರು ಬಂಪರ್ ತೆಗೆಯುತ್ತಾರೆ. ಇಲ್ಲಿ ನಿಮ್ಮೊಂದು ಗಾಡಿಗೆ ಒಂದೇ ಒಂದು ಬಂಪರ್. ಅದರಲ್ಲೂ 2009ರ ಗಾಡಿ, ಒಮ್ಮೆ ಡಿಕ್ಕಿ ಆಗಿ ಟಿಂಕರಿಂಗ್ ಕಂಡಿರುವ ಗಾಡಿ ಆದರೆ ಎಡಗಡೆ ಬಲಗಡೆ ಒಂದೇ ಅಳತೆ ಇರುವುದಿಲ್ಲ. ಒಂದು ಕಡೆಯ ತೂತು ಇನ್ನೊಂದು ಕಡೆಗಿಂತ ಕೆಳಗೆ ಇರುತ್ತದೆ, ತಗಡು ಒಂದು ಮೂಲೆಯಲ್ಲಿ ಒಳಗೆ ಸರಿದಿರುತ್ತದೆ. ಅಳತೆ ಹಿಡಿದು ಬಂಪರ್ ಮಾಡಿ ತಂದರೆ ಗಾಡಿಗೆ ಕೂರುವುದೇ ಇಲ್ಲ. ಒಳ್ಳೇ ಫಿಟ್ಟರ್ ಆದವನು ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ ಗಾಡಿಗೆ ಹಿಡಿದು ನೋಡುತ್ತಾನೆ, ಆಮೇಲೆ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಹೊಡೆದು ಬಂಪರನ್ನು ಗಾಡಿಗೆ ಏರಿಸುತ್ತಾನೆ, ಬಾಗಿಲು ತೆರೆದು ನೋಡುತ್ತಾನೆ, ಇಳಿಸುತ್ತಾನೆ, ತಿದ್ದುತ್ತಾನೆ, ಮತ್ತೆ ಏರಿಸುತ್ತಾನೆ, ಎಲ್ಲ ಸರಿ ಬಂದ ಮೇಲಷ್ಟೇ ಪೂರ್ತಿ ವೆಲ್ಡ್ ಮಾಡುತ್ತಾನೆ, ಅದೂ ಒಂದೇ ಕಡೆಯಿಂದ ಎಳೆಯದೆ ಅಲ್ಲಿಷ್ಟು ಇಲ್ಲಿಷ್ಟು, ಇಲ್ಲದಿದ್ದರೆ ಬಿಸಿಗೆ ಬಂಪರ್ ತಿರುಚಿಕೊಳ್ಳುತ್ತದೆ. ಈ ಏರಿಸಿ ಇಳಿಸುವುದಕ್ಕೇ ಒಂದು ದಿನ ಬೇಕು. ಅದನ್ನು ಉಳಿಸಿದ ಬಂಪರ್ ಅಗ್ಗವಾಗುತ್ತದೆ, ಆದರೆ ಸೊಟ್ಟ ಕೂತಿರುತ್ತದೆ.

ಇನ್ನು ನಿಜವಾದ ವಿಷಯ. ಓಮ್ನಿಗೆ ಭಾರೀ ಬಂಪರ್ ಯಾಕೆ ಬೇಡ?

ಬೊಲೆರೊ, ಟ್ರ್ಯಾಕ್ಸ್ ಇಂಥ ಗಾಡಿಗಳಿಗೆ ಕೆಳಗೆ ಉದ್ದಕ್ಕೂ ಚಾಸಿ, ಅಂದರೆ ಗಟ್ಟಿ ಉಕ್ಕಿನ ಚೌಕಟ್ಟು ಇದೆ. ಬಂಪರಿಗೆ ಬಿದ್ದ ಏಟನ್ನು ಅದು ತಡೆದುಕೊಳ್ಳುತ್ತದೆ. ಓಮ್ನಿಗೆ ಅಂಥ ಚಾಸಿ ಇಲ್ಲ, ಒತ್ತಿ ಮಡಚಿದ ತಗಡುಗಳನ್ನು ಕೂಡಿಸಿದ ಬಾಡಿಯೇ ಎಲ್ಲ ಭಾರ ಹೊರಬೇಕು. ಮೇಲಾಗಿ ಡ್ರೈವರ್ ಕೂರುವುದು ಮುಂದಿನ ಗಾಲಿಗಳ ಮೇಲೆಯೇ, ಎಂಜಿನ್ ಇರುವುದು ಸೀಟಿನ ಕೆಳಗೆ, ಮುಂದೆ ಬಾನೆಟ್ ಅನ್ನುವುದೇ ಇಲ್ಲ. ನಿಮ್ಮ ಮೊಣಕಾಲಿಗೂ ಮುಂದಿನ ತಗಡಿಗೂ ನಡುವೆ ಇರುವ ಜಾಗ ತೀರಾ ಕಡಿಮೆ. 5 ಎಂಎಂ ಪ್ಲೇಟ್ ತಾನು ಬಾಗುವುದಿಲ್ಲ. ಹಾಗಾಗಿ ಏಟು ನೇರ ಹಿಂದಕ್ಕೆ, ಅದನ್ನು ಹಿಡಿದಿರುವ ತೆಳು ತಗಡಿಗೆ ಹೋಗುತ್ತದೆ. ಬಂಪರ್ ಹಾಗೇ ಇರುತ್ತದೆ, ಅದರ ಹಿಂದಿನ ತಗಡು ಹರಿಯುತ್ತದೆ. ಬಾಡಿಗೇ ವೆಲ್ಡ್ ಮಾಡಿದ್ದರೆ ಇನ್ನೂ ಕೆಟ್ಟದು, ವೆಲ್ಡಿಂಗ್ ಅಂಚಿನಲ್ಲೇ ಸೀಳು ಶುರುವಾಗುತ್ತದೆ, ಮತ್ತೆ ಬಿಚ್ಚಬೇಕೆಂದರೆ ಗ್ರೈಂಡರ್ ಹಿಡಿದು ಬಾಡಿ ಕತ್ತರಿಸಬೇಕು.

ಬಂಪರ್ ಇರುವುದು ನಿಧಾನದಲ್ಲಿ ತಾಗಿದಾಗ ಲೈಟು, ತಗಡು ಉಳಿಯಲಿ ಅಂತ. ಗಾಡಿ ರಿವರ್ಸ್ ತೆಗೆಯುವಾಗ, ಸಂತೆಯಲ್ಲಿ ನುಗ್ಗುವಾಗ, ಆ ವೇಗಕ್ಕೆ. ಸಾಮಾನು ತುಂಬಿದ ನಿಮ್ಮ ಗಾಡಿ 1,000 ಕೆಜಿ ಅಂದುಕೊಳ್ಳಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಅದರ ಏಟಿನ ಶಕ್ತಿ ಎಷ್ಟಿದೆಯೋ, 40ರ ವೇಗದಲ್ಲಿ ಅದರ 64 ಪಟ್ಟು ಇರುತ್ತದೆ. ವೇಗ ಎಂಟು ಪಟ್ಟಾದರೆ ಶಕ್ತಿ ಎಂಟರ ಎಂಟು ಪಟ್ಟು. 2 ಎಂಎಂ ಜಾಸ್ತಿ ಕಬ್ಬಿಣ ಹಾಕಿದ ಮಾತ್ರಕ್ಕೆ ಅದನ್ನು ತಡೆಯಲು ಆಗುವುದಿಲ್ಲ. ಎಮ್ಮೆಯ ವಿಷಯದಲ್ಲಂತೂ ಅದರ ಮೈಭಾರ ಬಂಪರಿಗಿಂತ ಮೇಲಿರುತ್ತದೆ. ಬಂಪರ್ ಕಾಲಿಗೆ ತಾಗುತ್ತದೆ, ಮೈ ಗಾಜಿನ ಮೇಲೆ ಬರುತ್ತದೆ. ಓಮ್ನಿಯಲ್ಲಿ ಆ ಗಾಜು ನಿಮ್ಮ ಮುಖದ ಎದುರಿಗೇ ಇದೆ. ಈ ಮಾತು ಹೆದರಿಸಲು ಅಲ್ಲ. ಬಂಪರ್ ದಪ್ಪ ಇದೆ ಅನ್ನೋ ಧೈರ್ಯದಲ್ಲಿ ರಾತ್ರಿ ಹೊತ್ತು ಹತ್ತು ಕಿಲೋಮೀಟರ್ ವೇಗ ಜಾಸ್ತಿ ಮಾಡಿದರೆ ಆ ಧೈರ್ಯವೇ ನಿಮಗೆ ಅಪಾಯ.

ತೂಕದ ಲೆಕ್ಕವೂ ಇದೆ. ಖಾಲಿ ಓಮ್ನಿ 800 ಕೆಜಿಯ ಒಳಗೇ ಇರುತ್ತದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ 1,840 ಎಂಎಂ. 35 ಕೆಜಿ ಬಂಪರನ್ನು ಮುಂದಿನ ಗಾಲಿಯಿಂದ 600 ಎಂಎಂ ಮುಂದೆ ನೇತುಹಾಕಿದರೆ ಮುಂದಿನ ಗಾಲಿಗಳ ಮೇಲೆ 46 ಕೆಜಿ ಜಾಸ್ತಿ ಬೀಳುತ್ತದೆ, ಹಿಂದಿನ ಗಾಲಿಗಳಿಂದ 11 ಕೆಜಿ ಎದ್ದುಹೋಗುತ್ತದೆ. ಓಮ್ನಿಯಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಗಾಲಿಗಳನ್ನು. ಸಾಮಾನು ಇಳಿಸಿ ಖಾಲಿ ಬರುವಾಗ, ಮಳೆಯಲ್ಲಿ, ಹಿಂದಿನ ಗಾಲಿಗೆ ಹಿಡಿತ ಕಡಿಮೆಯಾದರೆ ಏನಾಗುತ್ತದೆ ಅಂತ ಈ ಗಾಡಿ ಓಡಿಸಿದವರಿಗೆ ಗೊತ್ತು. ಸ್ಟೀರಿಂಗ್ ಭಾರ ಆಗುತ್ತದೆ, ಮುಂದಿನ ಟೈರ್ ಬೇಗ ಸವೆಯುತ್ತದೆ. ಪ್ಲೇಟು ಕಿಂಡಿ ಮುಚ್ಚಿದರೆ ರೇಡಿಯೇಟರ್‌ಗೆ ಗಾಳಿ ಸಾಲದು. ಏಪ್ರಿಲ್ ಬಿಸಿಲಲ್ಲಿ ಸಾಮಾನು ತುಂಬಿಕೊಂಡು ಹೋಗುವಾಗ ಎಂಜಿನ್ ಬಿಸಿಯ ಮೀಟರ್ ಮೇಲೇರುವುದನ್ನು ನೋಡುತ್ತೀರಿ.

ಏರ್‌ಬ್ಯಾಗ್ ಕೆಲಸ ಮಾಡುವುದಿಲ್ಲ, ಅದಕ್ಕೇ ಗಾರ್ಡ್ ಬೇಡ ಅಂತ ಯಾರಾದರೂ ಹೇಳಿದ್ದರೆ ಅದು ನಿಮ್ಮ ಗಾಡಿಗೆ ಅನ್ವಯಿಸುವ ಮಾತಲ್ಲ, ಓಮ್ನಿಗೆ ಏರ್‌ಬ್ಯಾಗ್ ಇಲ್ಲ. ಆದರೆ ಎದುರಿನವರಿಗೆ ಆಗುವ ಪೆಟ್ಟಿನ ಮಾತು ಎಲ್ಲ ಗಾಡಿಗೂ ಒಂದೇ. ನಡೆದು ಹೋಗುವವರಿಗೆ, ಬೈಕಿನವರಿಗೆ ಪ್ಲಾಸ್ಟಿಕ್ ಬಂಪರ್ ತಾಗುವುದಕ್ಕೂ ಬಾಗದ ಪೈಪು ತಾಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಪೆಟ್ಟು ಆಗಿ ರಿಪೇರಿಗೆ ಬಂದ ಗಾಡಿಗಳಲ್ಲಿ ಗಾರ್ಡಿಗೆ ಒಂದು ಗೀರೂ ಬೀಳದಿದ್ದನ್ನು ನೋಡಿದ್ದೇನೆ. ಆ ಏಟನ್ನು ಎದುರಿನವರು ತಿಂದಿದ್ದರು. ಅದನ್ನು ನೋಡಿದ ಮೇಲೆ ಮುಂದಿನ ಪೈಪ್ ಗಾರ್ಡ್ ಮಾಡಿಕೊಡಲು ನನಗೆ ಮನಸ್ಸೇ ಬರುವುದಿಲ್ಲ.

ಪೊಲೀಸರ ವಿಷಯ. ಇದು ಸುಮ್ನೆ ಹೆದರಿಸುವ ಮಾತಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಗಾಡಿಗೆ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ (ನೀವು ಕೇಳುವ ಪೈಪ್ ಗಾರ್ಡ್ ಇದೇ) ಹಾಕುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ, ಕ್ರಮ ತೆಗೆದುಕೊಳ್ಳಿ ಎಂದು ಹೇಳಿತು. 2019ರ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಸೇರಿತು. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಗಾರ್ಡ್ ಹಾಕಿದ ಗಾಡಿಗಳು ರಸ್ತೆ ತುಂಬ ಓಡಾಡುತ್ತಿವೆ, ನಿಜ. ಆದರೆ ಅಪಘಾತ ಆದ ದಿನ, ಎದುರಿನವರ ವಕೀಲರು ಮೊದಲು ಫೋಟೋ ತೆಗೆಸುವುದು ಆ ಗಾರ್ಡಿನದನ್ನೇ. ಪೈಪು ಇಲ್ಲದ ಪ್ಲೇಟ್ ಬಂಪರ್‌ಗೂ ಕಂಪನಿಯ ಒಪ್ಪಿಗೆ ಅಂತ ಇಲ್ಲ, ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರುವುದಿಲ್ಲ. ಇನ್ನೊಂದು, 2009ರ ಗಾಡಿಗೆ 15 ವರ್ಷ ಮುಗಿದಿದೆ, ಇನ್ನು ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ಆರ್‌ಸಿ ನವೀಕರಣ ಮಾಡಿಸಬೇಕು. ಗಾರ್ಡ್ ಬಿಚ್ಚಿಕೊಂಡು ಬನ್ನಿ ಅಂದರೆ ಬೋಲ್ಟಿನ ಬಂಪರ್ ಅರ್ಧ ಗಂಟೆಯ ಕೆಲಸ. ವೆಲ್ಡ್ ಮಾಡಿದ್ದನ್ನು ಏನು ಮಾಡುತ್ತೀರಿ? ಫುಲ್ ಇನ್ಶೂರೆನ್ಸ್ ಇದ್ದರೆ, ತಿಳಿಸದೆ ಮಾಡಿದ ಬದಲಾವಣೆ ಕ್ಲೇಮ್ ಹೊತ್ತಿಗೆ ತಕರಾರಿಗೆ ದಾರಿ ಮಾಡಿಕೊಡುತ್ತದೆ.

ಹಾಗಾದರೆ ಏನು ಮಾಡಬಹುದು?

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ದುಡ್ಡನ್ನು ಒಳಗೆ ಹೋದ ಮುಂದಿನ ತಗಡಿಗೆ ಹಾಕುತ್ತಿದ್ದೆ. ಅದನ್ನು ಎಳೆಸಿ ನೇರ ಮಾಡಿಸಿ. ಕೆಳಗಿನ ಮೂಲೆಗಳಲ್ಲಿ ತುಕ್ಕು ಹಿಡಿದಿದ್ದರೆ ಪುಟ್ಟಿ ಮೆತ್ತಲು ಬಿಡಬೇಡಿ, ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಲಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ, ಒಳಗೆ ಇಳಿದರೆ ಅದು ತಗಡಲ್ಲ, ಪೇಂಟು ಮಾತ್ರ ಉಳಿದಿದೆ. ಬಂಪರ್ ಪ್ಲಾಸ್ಟಿಕ್ ಆಗಲಿ ಸ್ಟೀಲ್ ಆಗಲಿ, ಹಿಡಿಯುವ ಜಾಗ ಗಟ್ಟಿ ಇಲ್ಲದಿದ್ದರೆ ಎಷ್ಟು ಖರ್ಚು ಮಾಡಿದರೂ ದಂಡ. ಆಮೇಲೆ ಮೊದಲಿನಂಥದೇ ಪ್ಲಾಸ್ಟಿಕ್ ಬಂಪರ್ ಹಾಕಿಸಿ. ಓಮ್ನಿ ತಯಾರಿಕೆ 2019ರಲ್ಲಿ ನಿಂತರೂ ಬಿಡಿಭಾಗಕ್ಕೆ ಬರ ಇಲ್ಲ. ಹೊರಗಿನ ಅಂಗಡಿಯ ಬಂಪರ್ ತಂದು ಬಣ್ಣ ಹೊಡೆಸಿದರೂ ಮೇಲೆ ಹೇಳಿದ 13 ಸಾವಿರದ ಕಾಲು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ. ಮತ್ತೊಮ್ಮೆ ಒಡೆದರೆ ಮತ್ತೊಂದು ಹಾಕಿ. ಒಡೆಯುವುದೇ ಅದರ ಕೆಲಸ.

ಉಳಿದ ದುಡ್ಡಿನಲ್ಲಿ ಹೆಡ್‌ಲೈಟ್ ನೋಡಿ. ರಾತ್ರಿ ಓಡಾಡುವ ನಿಮಗೆ ಬಂಪರಿಗಿಂತ ಇದು ಮುಖ್ಯ. ಹಳೇ ಗಾಡಿಯಲ್ಲಿ ಲೈಟಿನ ಕರೆಂಟು ಸ್ವಿಚ್ ಮೂಲಕ ತೆಳು ವೈರಿನಲ್ಲಿ ಹೋಗಿ ಬರುವುದರಿಂದ ಬಲ್ಬಿಗೆ ಪೂರ್ತಿ ವೋಲ್ಟೇಜ್ ಮುಟ್ಟುವುದಿಲ್ಲ. ರಿಲೇ (ಸ್ವಿಚ್ಚಿನ ಬದಲು ತಾನು ಕರೆಂಟು ಹೊರುವ ಸಣ್ಣ ಡಬ್ಬಿ) ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಸಿದರೆ ಅದೇ ಬಲ್ಬು ಎಷ್ಟು ಪ್ರಕಾಶ ಕೊಡುತ್ತದೆ ನೋಡಿ. ಒಂದು ಹೆಡ್‌ಲೈಟ್ ಹೇಗೂ ಹೊಸದು ಬರುತ್ತದೆ. ಇನ್ನೊಂದರ ಒಳಗಿನ ಹೊಳಪು ಹೋಗಿದ್ದರೆ ಜೋಡಿಯಾಗಿ ಬದಲಿಸಿ, ಎರಡನ್ನೂ ಗೋಡೆಗೆ ಬಿಟ್ಟು ಮಟ್ಟ ಸರಿ ಮಾಡಿಸಿ. ಎಮ್ಮೆ ನಾಲ್ಕು ಮಾರು ಮೊದಲೇ ಕಂಡರೆ ಬ್ರೇಕ್ ಒತ್ತಲು ಸಮಯ ಸಿಗುತ್ತದೆ.

ಇಲ್ಲ ಸರ್, ಸ್ಟೀಲೇ ಬೇಕು ಅನ್ನುವುದಾದರೆ, ಕಾನೂನಿನ ಮಾತು ಗೊತ್ತಿದ್ದೂ ಮಾಡಿಸುತ್ತೀರಿ ಅನ್ನುವುದಾದರೆ, 2 ಎಂಎಂ ತಗಡಿನಲ್ಲಿ ಹಳೇ ಬಂಪರಿನ ಆಕಾರದಲ್ಲೇ ಮಾಡಿಸಿ. ಪೈಪು ಬೇಡ, ಚೂಪು ಮೂಲೆ ಬೇಡ, ಗಾಡಿಯ ಅಗಲಕ್ಕಿಂತ ಒಂದು ಎಂಎಂ ಕೂಡ ಹೊರಗೆ ಬರಬಾರದು. ತಗಡು ಒಂಬತ್ತೂವರೆ ಕೆಜಿ, ಬ್ರಾಕೆಟ್ ಸೇರಿ ಸುಮಾರು ಹದಿಮೂರೂವರೆ ಕೆಜಿಗೆ ಮುಗಿಯುತ್ತದೆ. ಬೋಲ್ಟಿನಲ್ಲೇ ಕೂರಬೇಕು. ಬ್ರಾಕೆಟನ್ನು ಬಂಪರಿಗಿಂತ ಮೆತ್ತಗೆ ಇಡಲು ಹೇಳಿ, ಏಟು ಬಿದ್ದಾಗ ಬಾಡಿಗಿಂತ ಮೊದಲು ಅದು ಬಾಗಲಿ. ಬ್ರಾಕೆಟ್ ಬದಲಿಸುವುದು ಅಗ್ಗ. ಖರ್ಚು 3 ಎಂಎಂ ಲೆಕ್ಕಕ್ಕಿಂತ ತುಂಬಾ ಕಡಿಮೆ ಆಗುವುದಿಲ್ಲ, ಮಜೂರಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ ಅಂತ ಮೇಲೆಯೇ ನೋಡಿದೆವು. ಹಿಂದಿನ ಬಂಪರ್ ಬೇರೆ ಮಾತು. ಪಾತ್ರೆ, ಸ್ಪೀಕರ್ ಎಳೆದು ಎಳೆದು ಅದು ಹಾಳಾಗುತ್ತದೆ. ಅಲ್ಲಿ 2 ಎಂಎಂ ಸ್ಟೀಲ್ ಹಾಕಿಸಿದರೆ ಉಪಯೋಗ ಇದೆ, ಅಪಾಯವೂ ಕಡಿಮೆ. ಆದರೆ ಕಾನೂನಿನ ಲೆಕ್ಕದಲ್ಲಿ ಅದೂ ಬದಲಾವಣೆಯೇ. ನಂಬರ್ ಪ್ಲೇಟ್, ಅದರ ಲೈಟು, ಕೆಂಪು ರಿಫ್ಲೆಕ್ಟರ್ ಮುಚ್ಚಬಾರದು.

ಸ್ಟೇನ್‌ಲೆಸ್ ಸ್ಟೀಲ್ ಆದರೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಬೆಲೆ, ಬಂಪರಿಗೆ ಅಗತ್ಯ ಇಲ್ಲ. ಅಗ್ಗದ 202 ಗ್ರೇಡ್ ಹಾಕಿ ದುಬಾರಿ 304 ಅಂತ ಹೇಳುವವರೂ ಇದ್ದಾರೆ, ಆ 202 ಬೆಸುಗೆ ಹತ್ತಿರ ಕಲೆ ಹಿಡಿಯುತ್ತದೆ.

ಪೇಂಟಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ನಮ್ಮ ಕಡೆಯ ಎರೆ ಮಣ್ಣು ಹೇಗೆ ಅಂಟಿಕೊಳ್ಳುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಬಂಪರಿನ ಮಡಿಕೆಯೊಳಗೆ ಹೊಕ್ಕರೆ ಒಣಗದೆ ಕೂತು ಒಳಗಿಂದ ತಿನ್ನುತ್ತದೆ. ಕೆಳಗಿನ ಮಡಿಕೆಯಲ್ಲಿ ನಾಲ್ಕೈದು ಕಡೆ 10 ಎಂಎಂ ತೂತು ಹೊಡೆಸಿ, ನೀರು ಇಳಿದು ಹೋಗಲಿ. ಪೌಡರ್ ಕೋಟಿಂಗನ್ನು 180–200 ಡಿಗ್ರಿ ಬಿಸಿಯ ಒಲೆಯಲ್ಲಿ ಬೇಯಿಸುತ್ತಾರೆ, ಹಾಗಾಗಿ ಎಲ್ಲ ತೂತು, ಎಲ್ಲ ವೆಲ್ಡಿಂಗ್ ಮೊದಲೇ ಮುಗಿದಿರಬೇಕು. ಕೋಟಿಂಗ್ ಆದ ಮೇಲೆ ತೂತು ಕೊರೆದರೆ ಆ ಅಂಚಿನಿಂದಲೇ ತುಕ್ಕು ಶುರು. ಸಾದಾ ಪೇಂಟ್ ಆದರೂ ಅಡ್ಡಿಯಿಲ್ಲ, ಗ್ರೈಂಡಿಂಗ್ ಮಾಡಿ, ಎಣ್ಣೆ ಜಿಡ್ಡು ಒರೆಸಿ, ಪ್ರೈಮರನ್ನು ಒಳಮೈಗೂ ಹೊಡೆಯುತ್ತಾರಾ ಅಂತ ನಿಂತು ನೋಡಿ.

ತಗಡು ಸೇರಿಸಲು ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ಎರಡೂ ವೈರ್ ಬಿಚ್ಚಿಸಿ, ಇಲ್ಲದಿದ್ದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವುದು), ಇಸಿಎಂ (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ) ಹೋಗಬಹುದು. ಗ್ಯಾಸ್ ಕಿಟ್ ಇದ್ದರೆ ಸಿಲಿಂಡರ್ ಇಳಿಸದೆ ರಾಡ್ ಹಚ್ಚಲು ಬಿಡಲೇಬೇಡಿ, ಎಷ್ಟೇ ಅವಸರ ಇರಲಿ.

ಕೊಟೇಶನ್ ಕೇಳುವಾಗ ಒಂದೇ ಮೊತ್ತ ತೆಗೆದುಕೊಳ್ಳಬೇಡಿ. ತಗಡಿನ ದಪ್ಪ, ಮುಗಿದ ಬಂಪರಿನ ತೂಕ, ಬೋಲ್ಟೋ ವೆಲ್ಡಿಂಗೋ, ಯಾವ ಪೇಂಟು, ಹಳೇ ತಗಡು ಸರಿ ಮಾಡುವುದು ಇದರಲ್ಲಿ ಸೇರಿದೆಯೋ ಇಲ್ಲವೋ, ಇಷ್ಟನ್ನು ಬರೆಸಿಕೊಳ್ಳಿ. ಗಾಡಿ ತೆಗೆದುಕೊಳ್ಳುವ ದಿನ ಬಂಪರನ್ನು ಇಳಿಸಿ ತೂಕ ಮಾಡಿಸಿ, ಎರಡೂ ಮುಂದಿನ ಬಾಗಿಲು ಪೂರ್ತಿ ತೆರೆಯುತ್ತವೆಯೇ, ರೇಡಿಯೇಟರ್ ಕಿಂಡಿ ತೆರೆದಿದೆಯೇ, ಎಳೆಯುವ ಕೊಕ್ಕೆಗೆ ಕೈ ಹೋಗುತ್ತದೆಯೇ ನೋಡಿ. ಹದಿನೈದು ದಿನ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಹೊಸ ಪೇಂಟು ವಾಷರ್ ಕೆಳಗೆ ಕೂತಾಗ ಅವು ಸ್ವಲ್ಪ ಸಡಿಲ ಆಗುತ್ತವೆ.